ಸೂರ್ಯನೂ ಅಲ್ಲ, ಶಶಾಂಕನೂ ಅಲ್ಲ

ಮ್ಯೂನಿಕ್‌ನ ಕಂಪನಿಯೊಂದರಿಂದ ಆಫರ್ ಲೆಟರ್ ಬಂದು ಆರು ದಿನವಾಯಿತು. ಉತ್ತರ ಕೊಡಲು ಇನ್ನು ಎಂಟು ದಿನ ಉಳಿದಿದೆ. ನನಗೀಗ ನಲವತ್ತನಾಲ್ಕು, ಹದಿನೇಳು ವರ್ಷದಿಂದ ಪುಣೆಯ ಹಿಂಜೆವಾಡಿಗೆ ಓಡಾಡುತ್ತಿದ್ದೇನೆ. ಮಾಡಬೇಕಾದ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು ಕಳೆದ ಭಾನುವಾರ ಹೆಂಡತಿ, ಮಗಳ ಜೊತೆ ಕೂತು ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ ನೋಡಿದೆ.

1997ರಲ್ಲಿ ಈ ಸಿನಿಮಾ ಬಂದಾಗ ನಾನು ಪಿಯುಸಿಯಲ್ಲಿದ್ದೆ. ಅಡಿಗರ ‘ಮೋಹನ ಮುರಳಿ’ಯನ್ನು ನನ್ನಂಥ ಅನೇಕರು ಪುಸ್ತಕದಲ್ಲಿ ಓದುವ ಮೊದಲು ಕೇಳಿದ್ದು ಇಲ್ಲೇ. ಆ ಹಾಡು ಈಗಲೂ ಗಂಟಲು ಕಟ್ಟಿಸುತ್ತದೆ. ಆದರೆ ಈ ಸಲ ಒಂದು ತಕರಾರು ಹುಟ್ಟಿತು. ಅಡಿಗರ ಕವಿತೆಯ ಹಂಬಲಕ್ಕೆ ಯಾವ ದೇಶದ ವೀಸಾವೂ ಬೇಕಿಲ್ಲ. ಸಿನಿಮಾ ಅದನ್ನು ನಕ್ಷೆಯ ಮೇಲಿನ ಒಂದು ದೇಶಕ್ಕೆ ಕಟ್ಟಿಹಾಕಿತು. ಊರಲ್ಲಿ ಉಳಿದ ಸೂರ್ಯ ಒಳ್ಳೆಯವನಾದ, ಹೋದ ಶಶಾಂಕ ದುರಾಸೆಯವನಾದ. ಕೊನೆಗೆ ಸಾಯುವವನೂ ಶಶಾಂಕನೇ. ಪಾತ್ರವೊಂದನ್ನು ಕೊಂದು ವಾದ ಗೆಲ್ಲುವುದು ಕತೆಗಾರನಿಗೆ ಸುಲಭ, ನೋಡುವವನಿಗಲ್ಲ.

ಭೂಮಿಕಾಳನ್ನೇ ನೋಡಿ. ಅವಳ ಒಂಟಿತನವನ್ನು ಸಿನಿಮಾ ಅಮೆರಿಕದ ಬದುಕಿನ ಪೊಳ್ಳುತನಕ್ಕೆ ಪುರಾವೆಯಾಗಿ ತೋರಿಸುತ್ತದೆ. ಆದರೆ ಆ ಕಾಲದಲ್ಲಿ ಎಚ್-1ಬಿ ಮೇಲೆ ಹೋದವರ ಹೆಂಡತಿಯರಿಗೆ ಸಿಗುತ್ತಿದ್ದದ್ದು ಎಚ್-4. ಅದರ ಮೇಲೆ ದುಡಿಯುವಂತಿರಲಿಲ್ಲ. ಅವರಲ್ಲಿ ಕೆಲವರಿಗೆ ಅನುಮತಿ ಸಿಕ್ಕಿದ್ದು 2015ರಲ್ಲಿ. ಓದಿದ ಹೆಂಗಸರು ಎಷ್ಟೋ ಮಂದಿ ಮನೆಯಲ್ಲಿ ಕೂತದ್ದು ಸಂಸ್ಕೃತಿಯಿಂದಲ್ಲ, ಕಾನೂನಿನ ಒಂದು ಸಾಲಿನಿಂದ. ಆ ಸಾಲು ನಮ್ಮ ಸಿನಿಮಾದಲ್ಲಿ ಬರುವುದಿಲ್ಲ.

ನನ್ನ ಮುಂದಿರುವುದು ಅಂಥ ಸಾಲುಗಳೇ. ನನ್ನ ಎಂಟೆಕ್ ಪದವಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ‘ಅನಾಬಿನ್’ ಎಂಬ ಜರ್ಮನ್ ಪಟ್ಟಿಯಲ್ಲಿ ನೋಡಬೇಕು. ನಲವತ್ತೈದು ದಾಟಿ ಮೊದಲ ಸಲ ಕೆಲಸಕ್ಕೆ ಹೋಗುವವರು ನಿಗದಿತ ಸಂಬಳವನ್ನೋ ಮುಪ್ಪಿನ ಕಾಲದ ಭದ್ರತೆಯನ್ನೋ ತೋರಿಸಬೇಕು. ಮನೆ ಸಿಗಲು ಸಾಲದ ಚರಿತ್ರೆಯ ಪತ್ರ, ಸಂಬಳದ ಚೀಟಿ ಕೇಳುತ್ತಾರೆ. ವಿಳಾಸ ನೋಂದಾಯಿಸಲು ಮನೆ ಮಾಲೀಕರ ಸಹಿ ಬೇಕು. ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಕಟ್ಟೆಯೂ ಇರುವುದಿಲ್ಲ, ನಾವೇ ಕೂರಿಸಿಕೊಳ್ಳಬೇಕು. ಬ್ಲೂ ಕಾರ್ಡಿನವನ ಹೆಂಡತಿ ಅಲ್ಲಿ ದುಡಿಯಬಹುದು, ನಿಜ. ಆದರೆ ಇಲ್ಲಿ ಹನ್ನೆರಡು ವರ್ಷ ಗಣಿತ ಪಾಠ ಹೇಳಿದವಳನ್ನು ಜರ್ಮನ್ ಬಾರದೆ ಯಾವ ಕರಿಹಲಗೆಯ ಮುಂದೆ ನಿಲ್ಲಿಸುತ್ತಾರೆ? ನಾನು ಒಪ್ಪಿಕೊಂಡರೆ ಕೆಲಸ ಕಳೆದುಕೊಳ್ಳುವವಳು ಅವಳು.

ಇದೆಲ್ಲ ಸಾಹಿತ್ಯದ ವಸ್ತುವೇ ಎಂದು ಕೇಳುವವರು ಗುರುಪ್ರಸಾದ್ ಕಾಗಿನೆಲೆಯವರ ‘ಹಿಜಾಬ್’ (2017) ಓದಬೇಕು. ಮಿನೆಸೋಟಾದ ಸಣ್ಣ ಊರು ಅಮೋಕಾದಲ್ಲಿ ನಮ್ಮ ವೈದ್ಯರಿದ್ದಾರೆ, ಹೆರಿಗೆಗೆ ಬರುವ ನಿರಾಶ್ರಿತ ಹೆಂಗಸರಿದ್ದಾರೆ. ವೈದ್ಯರು ಆ ಊರಲ್ಲಿರುವುದು ಗ್ರೀನ್ ಕಾರ್ಡಿಗಾಗಿ. ಹಾಗಾಗಿ ಅವರ ಧೈರ್ಯಕ್ಕೂ ಮೌನಕ್ಕೂ ಒಂದು ಬೆಲೆ ಇದೆ. ಕಾಗಿನೆಲೆ ಸ್ವತಃ ಅಲ್ಲಿ ವೈದ್ಯರು. ಕಾಗದಪತ್ರ ಮನುಷ್ಯನ ನೈತಿಕತೆಯ ಒಳಗೆ ಹೇಗೆ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತು. ವೈದ್ಯಕೀಯ ವಿವರ ಕೆಲವೆಡೆ ಕತೆಗೆ ಭಾರವಾಗಿದೆ ಅನ್ನಿಸಿತು. ಆದರೂ ‘ಹೋಗಬಾರದಿತ್ತು’ ಎಂಬ ತೀರ್ಪಿನ ಬದಲು ‘ಹೋದಮೇಲೆ ನೀನು ಯಾರಿಗೆ ಏನಾಗಬೇಕು’ ಎಂದು ಕೇಳುವ ಕೃತಿ ಅದು.

ನನ್ನ ಇನ್ನೊಂದು ತಕರಾರು ನಮ್ಮಂಥವರದು. ಊರು ಒಂದು ತುದಿ, ಅಮೆರಿಕ ಇನ್ನೊಂದು ತುದಿ ಎಂದರೆ ಪುಣೆ, ಚೆನ್ನೈ, ಹೈದರಾಬಾದಿನ ಕನ್ನಡಿಗರು ಎಲ್ಲಿ ನಿಲ್ಲಬೇಕು? ಮರಾಠಿಯಲ್ಲಿ ತರಕಾರಿ ಕೊಂಡು, ಇಂಗ್ಲಿಷಿನಲ್ಲಿ ಮೀಟಿಂಗ್ ನಡೆಸಿ, ರಾತ್ರಿ ಕನ್ನಡದಲ್ಲಿ ಜಗಳವಾಡುವ ನಾನು ದೇಶ ಬಿಟ್ಟಿಲ್ಲ, ಊರಲ್ಲೂ ಇಲ್ಲ. ನಮ್ಮ ವಲಸೆಗೆ ಹಿನ್ನೆಲೆ ಸಂಗೀತ ಹಾಕಿದವರು ಕಡಿಮೆ.

ಆಫರ್ ಬಂದದ್ದನ್ನು ಹೇಳಲು ಸಾಗರಕ್ಕೆ ಫೋನ್ ಮಾಡಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ನೀ ಊರು ಬಿಟ್ಟಿದ್ದು ಪುಣೆಗೆ ಹೋದಾಗ್ಲೇ ಅಲ್ವೇನೋ. ಇನ್ನೇನಿದ್ರೂ ಟಿಕೆಟ್ಟಿನ ಲೆಕ್ಕ ಅಷ್ಟೆ. ಅವಳನ್ನ ಕೇಳಿದ್ಯಾ?”

ಕೇಳಿರಲಿಲ್ಲ. ಆಫರ್ ತೋರಿಸಿದ್ದೆ, ಸಂಬಳ ಹೇಳಿದ್ದೆ, ಕೇಳಿರಲಿಲ್ಲ. ಶಶಾಂಕನನ್ನು ಇಷ್ಟು ಹೊತ್ತು ಸಮರ್ಥಿಸಿದವನಿಗೆ ಅವನ ತಪ್ಪು ಯಾವುದೆಂದು ಆಗ ಕಂಡಿತು. ಅದು ದೂರ ಹೋದದ್ದಲ್ಲ.

ಸಿನಿಮಾ ಮುಗಿದ ಮೇಲೆ ಮಗಳು, “ಅಪ್ಪಾ, ಇದ್ರಲ್ಲಿ ನಾವ್ಯಾರು?” ಎಂದಳು. ಉತ್ತರ ಹೊಳೆಯಲಿಲ್ಲ. ಎಂಟು ದಿನವಿದೆ. ಮೊದಲು ಅಡುಗೆಮನೆಗೆ ಹೋಗಿ ಅವಳಮ್ಮನನ್ನು ಕೇಳಬೇಕು.