ಕವಲು ಕಥೆಯೂ ಹಿಟ್ಟಿನ ಕೋಳಿಯೂ

ಪಾತ್ರದ ಮುಂದಿನ ನಡೆಯನ್ನು ಓದುಗನೇ ಆರಿಸಿಕೊಳ್ಳುವ ಕವಲು ಕಥೆಯನ್ನು ವಿದ್ಯಾರ್ಥಿಗಳಿಂದ ಬರೆಯಿಸಲು ಅಂತರ್ಜಾಲದಲ್ಲಿ ಹಲವು ಸಾಧನಗಳಿವೆ. ಕ್ರಿಸ್ ಕ್ಲಿಮಸ್ 2009ರಲ್ಲಿ ಹೊರತಂದ ‘ಟ್ವೈನ್’ ಅವುಗಳಲ್ಲಿ ಪ್ರಮುಖವಾದುದು. ಇದು ಉಚಿತ; ಕನ್ನಡದಲ್ಲಿಯೂ ಬರೆಯಬಹುದು. ಒಂದೊಂದು ಸನ್ನಿವೇಶಕ್ಕೆ ಒಂದೊಂದು ಚೌಕ, ಚೌಕದಿಂದ ಚೌಕಕ್ಕೆ ಬಾಣದ ಗೆರೆ. ಹೀಗೆ ಇಡೀ ಕಥೆ ನಕ್ಷೆಯಂತೆ ಕಾಣುತ್ತದೆ. ಯಾವ ಕೃತ್ಯಕ್ಕೆ ಯಾವ ಫಲವೆಂಬುದನ್ನು ವಿದ್ಯಾರ್ಥಿಯೇ ಯೋಚಿಸಿ ಹೆಣೆಯಬೇಕಾಗುವುದು ಇದರ ದೊಡ್ಡ ಗುಣ.

ಸಿದ್ಧವಾದ ಕಥೆ ಒಂದೇ ಕಡತವಾಗುವುದರಿಂದ ಗ್ರಾಮದ ಶಾಲೆಯಲ್ಲಿ ಸಂಪರ್ಕವಿಲ್ಲದೆಯೂ ಅದನ್ನು ಓದಬಹುದು. ಬಸವಕಲ್ಯಾಣದ ಬಳಿಯ ಮೋರಖಂಡಿಯನ್ನೇ ನೋಡಿರಿ. ರಾಷ್ಟ್ರಕೂಟರ ಮಯೂರಖಂಡಿ ಇದೇ ಎಂದು ಕೆಲವು ವಿದ್ವಾಂಸರು, ನಾಸಿಕ ಜಿಲ್ಲೆಯ ಮೊರಖಿಂಡವೆಂದು ಮತ್ತೆ ಕೆಲವರು ಹೇಳುತ್ತಾರೆ. ಎರಡು ಪಕ್ಷಗಳ ವಾದವನ್ನು ಎರಡು ಕವಲುಗಳಾಗಿ ಬರೆಯಿಸಿದರೆ ಉತ್ತಮ ಪಾಠವಾದೀತು. ಆದರೆ ಕವಲು ಎರಡಾದ ಮಾತ್ರಕ್ಕೆ ಎರಡೂ ಸತ್ಯವಾಗಲಾರವು. ಅನೇಕಾಂತದ ಅರ್ಥ ಅದಲ್ಲ.

ಸಾಧನದ ನಿಜವಾದ ದೋಷ ಬೇರೆಡೆ ಇದೆ. ಟ್ವೈನಿನ ‘ಹಾರ್ಲೋ’ ಎಂಬ ವಿನ್ಯಾಸದಲ್ಲಿ ಪುಟದ ಬದಿಗೆ ಹಿಂದಕ್ಕೆ ಮರಳುವ ಬಾಣದ ಗುರುತು ಇರುತ್ತದೆ. ಕಥೆಯಲ್ಲಿ ಜಿಂಕೆಯನ್ನು ಕೊಂದ ಬಾಲಕ ಅದನ್ನು ಒತ್ತಿದೊಡನೆ ಜಿಂಕೆ ಬದುಕುತ್ತದೆ, ಕೃತ್ಯವೂ ಅಳಿಸಿಹೋಗುತ್ತದೆ. ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ವಿರುದ್ಧವಾದ ಪಾಠವುಂಟೆ?

ಅದು ಬರಿಯ ಆಟವಲ್ಲವೆ ಎಂಬ ಆಕ್ಷೇಪಕ್ಕೆ 1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’ಯಲ್ಲಿಯೇ ಉತ್ತರವಿದೆ. ಯಶೋಧರನು ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲವಾಗಿ ಅವನು ನವಿಲಾಗಿ, ಅವನ ತಾಯಿ ನಾಯಿಯಾಗಿ ಹುಟ್ಟಿ ಭವಭವಗಳಲ್ಲಿ ಬಳಲಿದರು. ಹಾಗೆಂದು ಕೊಲೆಯ ಕವಲನ್ನು ಬರೆಯುವುದೇ ಪಾಪವೆನ್ನಲಾಗದು. ಜನ್ನನೂ ಅದನ್ನು ಬರೆದನು. ಆದರೆ ಅವನು ಫಲವನ್ನು ಕೊನೆಯವರೆಗೂ ಕೈಬಿಡಲಿಲ್ಲ. ಬರೆಯುವವನ ಹೊಣೆ ಇರುವುದು ಅಲ್ಲಿಯೇ.

ಈ ಹೊಣೆಯನ್ನು ನಿರ್ವಹಿಸಲು ಅದೇ ಸಾಧನದಲ್ಲಿ ಅವಕಾಶವೂ ಇದೆ. ಓದುಗನ ಆಯ್ಕೆಯನ್ನು ನೆನಪಿಟ್ಟು ಮುಂದಿನ ಚೌಕಗಳನ್ನು ಬದಲಿಸುವ ಸೂಚನೆಗಳನ್ನು ಕಥೆಯೊಳಗೆ ಬರೆಯಬಹುದು. ಖಾತೆಯ ಹಳೆಯ ಬಾಕಿ ಹೊಸ ಪುಟದ ತಲೆಯಲ್ಲಿ ಬಂದು ಕೂರುವಂತೆ, ಮೊದಲ ಚೌಕದ ಕೃತ್ಯ ಹತ್ತನೆಯ ಚೌಕದಲ್ಲಿ ಎದುರಾಗುತ್ತದೆ. ಹಿಂದಿರುಗುವ ಬಾಣವನ್ನೂ ತೆಗೆದುಹಾಕಬಹುದು.

ಬಸದಿಯ ಪಾಠಶಾಲೆಗಳನ್ನು ನಡೆಸುವ ಟ್ರಸ್ಟುಗಳು ಈ ಸಾಧನವನ್ನು ದೂರವಿಡಬೇಕಾಗಿಲ್ಲ. ಆದರೆ ಈ ಎರಡು ವಿಷಯಗಳನ್ನು ಮೊದಲ ದಿನವೇ ಕಲಿಸಬೇಕು. ತಪ್ಪಿದವನಿಗೆ ಪಶ್ಚಾತ್ತಾಪದ ಕವಲೂ ಕಥೆಯಲ್ಲಿರಲಿ; ಆ ದಾರಿ ಮುಂದಕ್ಕೆ ಸಾಗಲಿ, ಹಿಂದಕ್ಕಲ್ಲ. ಪ್ರತಿಕ್ರಮಣವು ಮಾಡಿದ್ದನ್ನು ಒಪ್ಪಿಕೊಳ್ಳುವ ಕ್ರಿಯೆ; ಮಾಡಲೇ ಇಲ್ಲವೆನ್ನುವುದಲ್ಲ.