ಕಳುವಾದ ಪಿಸ್ತೂಲು, ಕಳುವಾದ ಚೀಲ

ಅಕಿರ ಕುರೊಸಾವ 1949ರಲ್ಲಿ ಮಾಡಿದ ‘ಸ್ಟ್ರೇ ಡಾಗ್’ ಪತ್ತೇದಾರಿ ಚಿತ್ರ. ಆದರೆ ಕಳ್ಳ ಯಾರೆಂಬ ಗುಟ್ಟನ್ನು ಅದು ಕೊನೆಯವರೆಗೆ ಕಾಪಾಡುವುದಿಲ್ಲ. ಹೆಸರು ನಡುವೆಯೇ ಸಿಗುತ್ತದೆ, ಮುಖ ಮಾತ್ರ ಕೊನೆಯ ಹಂತದಲ್ಲಿ.

ಯುದ್ಧ ಸೋತ ಟೋಕಿಯೋ, ಬೆಂದುಹೋಗುವ ಬೇಸಿಗೆ. ಹೊಸ ಪತ್ತೇದಾರ ಮುರಕಾಮಿಯ ಕೋಲ್ಟ್ ಪಿಸ್ತೂಲನ್ನು ಕಿಕ್ಕಿರಿದ ಬಸ್ಸಿನಲ್ಲಿ ಯಾರೋ ಎಗರಿಸುತ್ತಾರೆ. ಒಳಗೆ ಏಳು ಗುಂಡುಗಳಿವೆ. ಮುಂದೆ ಊರಿನಲ್ಲಿ ಹಾರುವ ಒಂದೊಂದು ಗುಂಡಿಗೂ ತಾನೇ ಹೊಣೆ ಎಂದು ಆತ ಒಳಗೊಳಗೇ ಬೇಯುತ್ತಾನೆ. ಉಳಿದ ಗುಂಡುಗಳ ಲೆಕ್ಕ ಅವನ ಜೊತೆ ನಾವೂ ಇಡುತ್ತೇವೆ. ಮುರಕಾಮಿಯಾಗಿ ತೊಶಿರೊ ಮಿಫುನೆ, ಅವನನ್ನು ತಿದ್ದುವ ಅನುಭವಿ ಸಾಟೊ ಆಗಿ ತಕಾಶಿ ಶಿಮುರಾ.

ಹರಕು ಸೈನಿಕ ಸಮವಸ್ತ್ರ ತೊಟ್ಟು ಮುರಕಾಮಿ ಕಾಳಸಂತೆಯಲ್ಲಿ ಅಲೆಯುವ ಭಾಗದಲ್ಲಿ ಹಲವು ನಿಮಿಷ ಮಾತೇ ಇಲ್ಲ. ಎಳೆದದ್ದು ಹೆಚ್ಚಾಯಿತು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅದನ್ನು ನಿಜವಾದ ಕಾಳಸಂತೆಯೊಳಗೇ ಕ್ಯಾಮೆರಾ ಬಚ್ಚಿಟ್ಟು ಚಿತ್ರಿಸಿದವರು ಸಹಾಯಕ ನಿರ್ದೇಶಕ ಇಶಿರೊ ಹೊಂಡಾ, 1954ರಲ್ಲಿ ‘ಗಾಡ್ಜಿಲಾ’ ಮಾಡಿದವರು. ಅಲ್ಲಿ ಮಿಫುನೆಯ ಬದಲು ನಡೆದವರೂ ಅವರೇ. ಕೆಲಸವಿಲ್ಲದ ಮಾಜಿ ಸೈನಿಕರು, ಬೀದಿಯಲ್ಲೇ ಮಲಗಿದವರು: ಕಳ್ಳ ಹುಟ್ಟಿದ ಜಾಗ ಇದು. ಇದನ್ನು ಕಾಣದೆ ಕಥೆ ಅರ್ಥವಾಗದು.

ಕಥೆಯ ತಿರುಳಿರುವುದು ಒಂದು ಬೆನ್ನುಚೀಲದಲ್ಲಿ. ರಣರಂಗದಿಂದ ಮರಳುವಾಗ ಕಳ್ಳ ಯೂಸಾನ ಚೀಲ ಕಳುವಾಗಿತ್ತು; ಮುರಕಾಮಿಯದೂ ಕಳುವಾಗಿತ್ತು. ಅದೇ ಸಿಟ್ಟು, ಅದೇ ಬರಿಗೈ. ಒಬ್ಬ ಪೊಲೀಸಾದ, ಇನ್ನೊಬ್ಬ ಕೊಲೆಗಾರನಾದ. ಕಾಲ ಕೆಟ್ಟದ್ದು ಎಂಬ ನೆಪವನ್ನು ಕುರೊಸಾವ ಒಪ್ಪುವುದಿಲ್ಲ, ಹಾಗೆಂದು ಕಾಲವನ್ನು ಖುಲಾಸೆ ಮಾಡುವುದೂ ಇಲ್ಲ.

ಕೊನೆಯಲ್ಲಿ ರೈಲು ನಿಲ್ದಾಣದ ಜನರ ನಡುವೆ ಯೂಸಾನನ್ನು ಗುರುತಿಸಬೇಕು. ಸುಳಿವು ಕೊಡುವುದು ಬಿಳಿ ಸೂಟಿಗೆ ಮೆತ್ತಿದ ಕೆಸರು. ಆಮೇಲಿನ ಬೆನ್ನಟ್ಟುವಿಕೆಯಲ್ಲಿ ಇಬ್ಬರೂ ಕೆಸರಾಗಿ, ಏದುಸಿರು ಬಿಡುತ್ತ ಹೂಗಿಡಗಳ ನಡುವೆ ಬೀಳುವಾಗ ಪೊಲೀಸ್ ಯಾರು, ಕಳ್ಳ ಯಾರು ಎಂದು ಹೇಳುವುದು ಕಷ್ಟ. ಅದಕ್ಕೂ ಮೊದಲು, ಗುಂಡು ಹಾರಿದ ಸದ್ದಿಗೆ ಪಕ್ಕದ ಮನೆಯಲ್ಲಿ ಪಿಯಾನೋ ನುಡಿಸುತ್ತಿದ್ದ ಹೆಂಗಸು ಕಿಟಕಿಯಿಂದ ಇಣುಕಿ, ಮತ್ತೆ ನುಡಿಸಲು ಕೂರುತ್ತಾಳೆ. ಹಿನ್ನೆಲೆ ಸಂಗೀತ ಅಬ್ಬರಿಸಿದ್ದರೆ ಈ ಕ್ರೌರ್ಯ ಹೀಗೆ ತಟ್ಟುತ್ತಿರಲಿಲ್ಲ.

ಇಂಥವರನ್ನು ಬೇಗ ಮರೆಯುತ್ತೀಯ ಎಂದು ಆಸ್ಪತ್ರೆಯ ಹಾಸಿಗೆಯಿಂದ ಸಾಟೊ ಸಮಾಧಾನ ಹೇಳುತ್ತಾನೆ. ಮಿಫುನೆಯ ಮುಖ ಅದನ್ನು ನಂಬಿದಂತಿಲ್ಲ.

ಕುರೊಸಾವ ಎಂದರೆ ‘ರಾಶೋಮನ್’ ಮತ್ತು ಕತ್ತಿವರಸೆ ಎಂದುಕೊಂಡವರು ಇದನ್ನು ತಪ್ಪದೆ ನೋಡಿ. ಎರಡು ಗಂಟೆಯ ಚಿತ್ರ. ಕಾಳಸಂತೆಯ ಭಾಗವನ್ನು ಮಾತ್ರ ಓಡಿಸಬೇಡಿ.