ಹಳೆಯ ಗಣಕಕ್ಕೆ ತಕ್ಕ ಕರ್ನೆಲ್: ಸಹಾಯ ಪಠ್ಯ ಎಷ್ಟು ಸಹಾಯಕ?

ನಿಮ್ಮ ಶಾಲೆ ಅಥವಾ ಕಾಲೇಜು ಸಿಂಧನೂರಿನಲ್ಲಿರಲಿ, ಲಿಂಗಸುಗೂರಿನಲ್ಲಿರಲಿ, ಮಸ್ಕಿಯಲ್ಲಿರಲಿ, ಗಣಕ ಕೊಠಡಿಯ ಮೂಲೆಯಲ್ಲಿ ಧೂಳು ಹಿಡಿದ ನಾಲ್ಕಾರು ಪೆಂಟಿಯಂ-4 ಯಂತ್ರಗಳು ಇದ್ದರೆ ಆಶ್ಚರ್ಯವಿಲ್ಲ. ಅವು ಕೆಟ್ಟಿರಬೇಕೆಂದೇನೂ ಇಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ ಬೆಂಬಲ ನಿಂತಿತು, ಮುಂದಿನ ಆವೃತ್ತಿಗಳು ಅವುಗಳಿಗೆ ಭಾರವಾದವು. ಇಂಥ ಯಂತ್ರಗಳ ಬಗ್ಗೆ ತಿಳಿದವರು ಕೊಡುವ ಸಲಹೆ ಒಂದೇ: 'ಲಿನಕ್ಸ್ ಹಾಕಿ, ಕರ್ನೆಲ್ಲನ್ನು ನೀವೇ ಕಂಪೈಲ್ ಮಾಡಿಕೊಳ್ಳಿ, ಯಂತ್ರ ಓಡುತ್ತದೆ.' ಹಾಗೆ ಕಂಪೈಲ್ ಮಾಡಲು ಕುಳಿತ ಶಿಕ್ಷಕರಿಗೆ ಪಕ್ಕದಲ್ಲೇ ಸಿಗುವ ಪಠ್ಯಪುಸ್ತಕವೆಂದರೆ ಕರ್ನೆಲ್ ಜೊತೆಗೆ ಬರುವ ಆಯ್ಕೆ ಪಟ್ಟಿ ಮತ್ತು ಅದರ ಸಹಾಯ ಪಠ್ಯ. ಅದನ್ನು ಪಠ್ಯಪುಸ್ತಕವೆಂದೇ ಭಾವಿಸಿ ಇಲ್ಲಿ ವಿಮರ್ಶಿಸಿದ್ದೇನೆ.

ಕರ್ನೆಲ್ ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಪ್ರೊಸೆಸರ್, ಸ್ಮೃತಿ, ಡಿಸ್ಕ್, ಜಾಲ ಇವುಗಳನ್ನೆಲ್ಲ ಆನ್ವಯಿಕ ತಂತ್ರಾಂಶಗಳಿಗೆ ಹಂಚಿಕೊಡುವ ಕೆಲಸ ಅದರದು. ಅದರ ಆಕರ ಸಂಕೇತದಲ್ಲಿ ಪ್ರಪಂಚದ ಸಾವಿರಾರು ಬಗೆಯ ಸಾಧನಗಳಿಗೆ ಚಾಲಕಗಳಿವೆ. ಹಟ್ಟಿಯ ಗಣಿಯಲ್ಲಿ ಟನ್ನುಗಟ್ಟಲೆ ಅದಿರಿನಿಂದ ಗ್ರಾಂ ಲೆಕ್ಕದಲ್ಲಿ ಚಿನ್ನ ತೆಗೆಯುವಂತೆ, ಆ ರಾಶಿಯಲ್ಲಿ ನಿಮ್ಮ ಯಂತ್ರಕ್ಕೆ ಬೇಕಾದದ್ದು ಬಹಳ ಸ್ವಲ್ಪ. ಪ್ರತಿಯೊಂದಕ್ಕೂ 'ಬೇಕು', 'ಬೇಡ', 'ಬೇಕಾದಾಗ ಸೇರುವ ಮಾಡ್ಯೂಲ್ ಆಗಿರಲಿ' ಎಂದು ನೀವು ಹೇಳಬೇಕು. ಈಗಿರುವ ಆಯ್ಕೆ ವ್ಯವಸ್ಥೆಯನ್ನು ರೋಮನ್ ಝಿಪ್ಪೆಲ್ ಬರೆದರು. 2002ರಲ್ಲಿ ಅದು ಕರ್ನೆಲ್‌ಗೆ ಸೇರಿತು.

ಮೊದಲು ಮೆಚ್ಚಬೇಕಾದದ್ದನ್ನು ಹೇಳಿಬಿಡುತ್ತೇನೆ. ಪ್ರೊಸೆಸರ್ ಕುಟುಂಬ ಆರಿಸುವ ಪುಟ ನಿಜಕ್ಕೂ ಒಳ್ಳೆಯ ಪಾಠ. 486ರಿಂದ ಪೆಂಟಿಯಂ-4ರವರೆಗೆ ಯಾವ ಚಿಪ್ಪಿಗೆ ಯಾವ ಆಯ್ಕೆ, ಹೊಸದಕ್ಕಾಗಿ ಕಟ್ಟಿದ ಕರ್ನೆಲ್ ಹಳೆಯದರಲ್ಲಿ ಏಕೆ ನಡೆಯದಿರಬಹುದು ಎಂಬುದು ಅಲ್ಲಿ ಸ್ಪಷ್ಟವಾಗಿದೆ. ಪಟ್ಟಿಯಲ್ಲಿ 386 ಇಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದದ್ದು 386 ಗಣಕದಲ್ಲೇ, ಆದರೆ 2013ರ 3.8ನೇ ಆವೃತ್ತಿಯಲ್ಲಿ ಅದನ್ನೇ ಕೈಬಿಡಲಾಯಿತು. ವಿದ್ಯಾರ್ಥಿಗಳಿಗೆ ಈ ಪುಟವನ್ನು ಓದಿಸಿದರೆ ಒಂದು ತರಗತಿಯ ಇತಿಹಾಸ ಪಾಠವಾಗುತ್ತದೆ.

ತೊಂದರೆ ಸ್ಮೃತಿಯ ಪುಟದಲ್ಲಿದೆ. ಡೆಬಿಯನ್ 12ರಲ್ಲಿ ಬಳಸಿದ 6.1ನೇ ಕರ್ನೆಲ್ಲನ್ನೇ ತೆಗೆದುಕೊಳ್ಳಿ. 32 ಬಿಟ್ ಯಂತ್ರದಲ್ಲಿ ವಿಳಾಸಗಳ ಒಟ್ಟು ಹರವು 2ರ 32ನೇ ಘಾತ, ಅಂದರೆ 4 ಗಿಗಾಬೈಟ್. ಅದರಲ್ಲಿ 3 ಪ್ರತಿ ಪ್ರಕ್ರಿಯೆಗೆ, 1 ಕರ್ನೆಲ್‌ಗೆ. 'ಹೈ ಮೆಮೊರಿ' ಎಂಬ ಆಯ್ಕೆಯ ಸಹಾಯ ಪಠ್ಯ ಹೇಳುವುದಿಷ್ಟು: ಯಂತ್ರದಲ್ಲಿ 1 ಗಿಗಾಬೈಟಿಗಿಂತ ಹೆಚ್ಚು ಸ್ಮೃತಿ ಇಲ್ಲದಿದ್ದರೆ ಇದು ಬೇಡ. ನಿಮ್ಮ ಯಂತ್ರದಲ್ಲಿ ಸರಿಯಾಗಿ 1 ಗಿಗಾಬೈಟ್ ಇದೆ ಎನ್ನಿ. ಪುಸ್ತಕ ಹೇಳಿದಂತೆ 'ಬೇಡ' ಎಂದಿರಿ. ಆದರೆ ಕರ್ನೆಲ್ ತನ್ನ ಪಾಲಿನ 1024 ಮೆಗಾಬೈಟ್ ವಿಳಾಸಗಳಲ್ಲಿ 128ನ್ನು ಬೇರೆ ಕೆಲಸಗಳಿಗೆ ಕಾದಿರಿಸಿಕೊಳ್ಳುತ್ತದೆ. ಉಳಿದದ್ದು 896. ನೀವು ಹಣ ಕೊಟ್ಟು ಕೊಂಡ ಸ್ಮೃತಿಯಲ್ಲಿ ಎಂಟನೆಯ ಒಂದು ಭಾಗ ಸುಮ್ಮನೆ ಮಲಗುತ್ತದೆ. ತಪ್ಪು ಮಾಡಿದ್ದಕ್ಕಲ್ಲ, ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದಕ್ಕೆ!

ಪರಿಹಾರ ಇಲ್ಲವೇ? ಇದೆ, ಅದೂ ಎರಡು. 4 ಗಿಗಾಬೈಟ್ ಹೈ ಮೆಮೊರಿಯನ್ನು ಆರಿಸಬಹುದು. ಅಥವಾ ವಿಳಾಸ ವಿಭಜನೆಯ ಗೆರೆಯನ್ನು ಸ್ವಲ್ಪ ಕೆಳಗಿಳಿಸಿ ಪೂರ್ತಿ 1 ಗಿಗಾಬೈಟನ್ನು ನೇರವಾಗಿ ಬಳಸಬಹುದು. ಈ ಎರಡನೆಯದು ನಮ್ಮ ಯಂತ್ರಕ್ಕೆಂದೇ ಮಾಡಿದಂತಿದೆ. ಆದರೆ ಅದು ಕಾಣಬೇಕಾದರೆ ಮೊದಲು ಮತ್ತೊಂದು ಪುಟಕ್ಕೆ ಹೋಗಿ 'ಪರಿಣತರಿಗೆ' ಎಂಬ ಆಯ್ಕೆಯನ್ನು ಒಪ್ಪಬೇಕು. ಒಪ್ಪಿ ಒಳಗೆ ಹೋದರೆ, ಏನು ಮಾಡುತ್ತಿದ್ದೀರೆಂದು ಪೂರ್ತಿ ತಿಳಿಯದಿದ್ದರೆ ಮುಟ್ಟಬೇಡಿ ಎಂಬ ಎಚ್ಚರಿಕೆ. ತಿಳಿಯಲೆಂದೇ ಸಹಾಯ ಪಠ್ಯ ತೆರೆದವರಿಗೆ ಇದು ಉತ್ತರವೇ? 'ಖಚಿತವಿಲ್ಲದಿದ್ದರೆ ಬೇಡ ಎನ್ನಿ' ಎಂಬ ಮಾತು ಪುಟಪುಟದಲ್ಲೂ ಬರುತ್ತದೆ. ತರಗತಿಯಲ್ಲಿ ನಾವು ಹಾಗೆ ಉತ್ತರಿಸಿದರೆ ಮಕ್ಕಳು ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಈ ಪಠ್ಯ ತನ್ನ ಓದುಗನಿಗೆ ಯಂತ್ರದ ಒಳಹೊರಗು ಗೊತ್ತಿದೆ ಎಂದು ನಂಬಿ ಬರೆದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸಿಂಪ್ಯೂಟರ್ ರೂಪಿಸಿದಾಗ ಲಿನಕ್ಸನ್ನು ಪುಟ್ಟ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿಗೆ ಹೊಂದಿಸಿಕೊಂಡರು. ಯಂತ್ರ ಅವರದೇ, ಅದರ ಪ್ರತಿಯೊಂದು ಬಿಡಿಭಾಗವೂ ಅವರಿಗೆ ತಿಳಿದಿತ್ತು. ನಮ್ಮ ಕೊಠಡಿಯ ಯಂತ್ರಗಳಾದರೋ ಟೆಂಡರಿನಲ್ಲಿ ಬಂದವು, ಒಳಗೇನಿದೆ ಎಂದು ದಾಸ್ತಾನು ಪುಸ್ತಕವೂ ಹೇಳುವುದಿಲ್ಲ.

2009ರಲ್ಲಿ ಸೇರಿದ 'ಲೋಕಲ್‌ಮಾಡ್‌ಕಾನ್ಫಿಗ್' ಎಂಬ ಆದೇಶ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ. ಆ ಗಳಿಗೆಯಲ್ಲಿ ಯಂತ್ರ ಬಳಸುತ್ತಿರುವ ಮಾಡ್ಯೂಲುಗಳನ್ನು ನೋಡಿ ಉಳಿದ ಮಾಡ್ಯೂಲುಗಳನ್ನು ಅದೇ ಕೈಬಿಡುತ್ತದೆ. 'ಆ ಗಳಿಗೆಯಲ್ಲಿ' ಎಂಬುದನ್ನು ಗಮನಿಸಿ. ಪೆನ್‌ಡ್ರೈವ್, ಪ್ರಿಂಟರ್ ಜೋಡಿಸದೆ ಆದೇಶ ಕೊಟ್ಟರೆ ಅವುಗಳ ಚಾಲಕಗಳು ಪಟ್ಟಿಯಿಂದ ಮಾಯವಾಗಬಹುದು. ಹಳೆಯ ಪುಸ್ತಕ ನೋಡಿ ಡಿಸ್ಕಿಗಾಗಿ 'ಐಡಿಇ' ಪುಟ ಹುಡುಕುವವರಿಗೆ ಇನ್ನೊಂದು ಮಾತು: 2021ರ 5.14ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ, ಆ ಡಿಸ್ಕುಗಳನ್ನು ಈಗ 'ಪಾಟಾ' ಚಾಲಕಗಳು ನಡೆಸುತ್ತವೆ.

ಇನ್ನು 'ಯಂತ್ರ ಓಡುತ್ತದೆ' ಎಂಬ ಭರವಸೆ. ಇದು ಉತ್ಪ್ರೇಕ್ಷೆ. ಕರ್ನೆಲ್ ಸಣ್ಣದಾದರೆ ಸ್ವಲ್ಪ ಸ್ಮೃತಿ ಉಳಿದೀತು, ಯಂತ್ರ ಬೇಗ ಏಳಬಹುದು. 512 ಮೆಗಾಬೈಟ್ ಯಂತ್ರವನ್ನು ನಿಜವಾಗಿ ಕಟ್ಟಿಹಾಕುವುದು ಜಾಲ ವೀಕ್ಷಕ ಮತ್ತು ಡೆಸ್ಕ್‌ಟಾಪ್. ಅವನ್ನು ಹಗುರಗೊಳಿಸದೆ ಕರ್ನೆಲ್ ಒಂದನ್ನೇ ತಿದ್ದಿದರೆ ನಿರಾಶೆ ಖಂಡಿತ. ಕಂಪೈಲ್ ಮಾಡಬೇಕಾದದ್ದು ವೇಗಕ್ಕಲ್ಲ, ಯಂತ್ರವನ್ನು ಓದಲು.

ಹಳೆಯ ಯಂತ್ರದಲ್ಲೇ ಕಂಪೈಲ್ ಮಾಡಿಸುವ ಹಠವೂ ಬೇಡ. ಯುಪಿಎಸ್ ಬ್ಯಾಟರಿ ಸತ್ತ ಕೊಠಡಿಯಲ್ಲಿ ಕರೆಂಟು ಹೋದರೆ ಅರ್ಧ ಬರೆದ ಕಡತಗಳು ಉಳಿದು ಕಾಡುತ್ತವೆ. ಅದರ ಮಾಡ್ಯೂಲ್ ಪಟ್ಟಿಯನ್ನು ಒಂದು ಕಡತದಲ್ಲಿ ತಂದು ಹೊಸ ಯಂತ್ರದಲ್ಲಿ ಕಟ್ಟಿ, ಮರಳಿ ಒಯ್ಯಬಹುದು. ಬೂಟ್ ಪಟ್ಟಿಯಲ್ಲಿ ಹಳೆಯ ಕರ್ನೆಲ್ ಇರಲೇಬೇಕು.

ಇದಕ್ಕೆಲ್ಲ ಮೊದಲು ಪ್ರೊಸೆಸರ್ ವಿವರದ 'ಸಿಪಿಯುಇನ್ಫೊ' ಕಡತದಲ್ಲಿ 'ಎಲ್‌ಎಂ' ಎಂಬ ಎರಡಕ್ಷರ ಇವೆಯೇ ನೋಡಿ. ಕೊನೆಯ ಕಾಲದ ಪೆಂಟಿಯಂ-4ಗಳು ಅನೇಕವು 64 ಬಿಟ್ ಬಲ್ಲವು. ಅವುಗಳಲ್ಲಿ 64 ಬಿಟ್ ಕರ್ನೆಲ್ ಹಾಕಿದರೆ ಮೇಲಿನ ಸ್ಮೃತಿಯ ಗೋಜೇ ಇಲ್ಲ. ಆ ಅಕ್ಷರಗಳಿಲ್ಲದ ಯಂತ್ರಗಳ ದಾರಿ ಮಾತ್ರ ಕಿರಿದಾಗುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಕರ್ನೆಲ್ಲನ್ನಾಗಲಿ ಅನುಸ್ಥಾಪಕವನ್ನಾಗಲಿ ಕೊಡಲಿಲ್ಲ. ಸಿದ್ಧ ಕರ್ನೆಲ್ ಸಿಗದ ಕಡೆ ಸ್ವಂತವಾಗಿ ಕಟ್ಟಿಕೊಳ್ಳುವವರಿಗೆ ಆ ಸಹಾಯ ಪಠ್ಯವೇ ಗತಿ. ಸ್ಮೃತಿ, ಡಿಸ್ಕ್, ಜಾಲ ಈ ಮೂರು ಪುಟಗಳ ವಿವರಣೆಯನ್ನಾದರೂ, 896ರ ಲೆಕ್ಕದ ಸಮೇತ, ನಿಮ್ಮ ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ಬರೆಯಿಸಿ ಕೊಠಡಿಯ ಗೋಡೆಗೆ ಅಂಟಿಸಿ.